ಕನಕಕ್ಕ ಕೊಡದ ಉತ್ತರ

ನನಗೆ ಲೆಕ್ಕ ಹೇಳಿಕೊಡುವಾಗ ಕನಕಕ್ಕ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು. ಮೊದಲ ದಿನ ನನಗೆ ನಗು ಬಂದಿತ್ತು. ಎಂ.ಎಸ್ಸಿ. ಓದುವ ಹುಡುಗಿಗೆ ಪಾಠ ಹೇಳಲು ಕುಳಿತ ನಲವತ್ತೈದು ದಾಟಿದ ಹೆಂಗಸು, ಚಳಿಯಾದ ಮಗುವಿನ ಹಾಗೆ ಕೈ ಅಡಗಿಸಿಕೊಂಡಿದ್ದಾರಲ್ಲ ಅನ್ನಿಸಿತ್ತು. ಯಾಕಕ್ಕ ಎಂದು ಕೇಳಿಯೇಬಿಟ್ಟೆ.

"ನನ್ನ ಕೈಗೆ ಬುದ್ಧಿ ಇಲ್ಲ ಮಾ. ನೀನು ಯೋಚನೆ ಮಾಡೋಕ್ ಮುಂಚೆ ಅದು ಪೆನ್ ಕಿತ್ಕೊಂಡು ಬರ್ದುಬಿಡತ್ತೆ. ಅಪ್ಪುರಂ... ಆಮೇಲೆ ಅದು ನನ್ನ ಲೆಕ್ಕ ಆಗೋಗತ್ತೆ. ನೀನು ಮನೇಗೆ ಏನು ತೊಗೊಂಡೋಗ್ತೀಯ?"

ಎರಡು ವರ್ಷ ಅವರ ಮನೆಗೆ ಹೋಗಿಬಂದೆ. ನನ್ನ ನೋಟ್‌ಬುಕ್ಕಿನಲ್ಲಿ ಅವರು ಒಂದು ಅಕ್ಷರವನ್ನೂ ಬರೆಯಲಿಲ್ಲ.

ತಿರುವೊಟ್ಟಿಯೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆ. ಅಜ್ಜನ ಕಾಲದಲ್ಲೇ ಮೈಸೂರು ಕಡೆಯಿಂದ ಮದರಾಸಿಗೆ ಬಂದ ವೈಷ್ಣವರ ಕುಟುಂಬ; ತಂದೆ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಲೆಕ್ಕಕ್ಕೆ ಇಂಗ್ಲಿಷು, ಕೋಪ ಬಂದರೆ ಮೂರೂ. ನಾವು ತುಮಕೂರಿನವರು. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಈ ಊರಿಗೆ ಬಂದಿದ್ದೆವು. ತರಕಾರಿ ಗಾಡಿಯ ಮುಂದೆ ನುಗ್ಗೆಕಾಯಿ ಆರಿಸುತ್ತಿದ್ದಾಗ ಅಮ್ಮನ ಬಾಯಲ್ಲಿ ಕನ್ನಡ ಕೇಳಿ ಕನಕಕ್ಕನೇ ಮಾತಾಡಿಸಿದ್ದರಂತೆ. ಮಗಳು ಫಿಸಿಕ್ಸ್ ಓದುತ್ತಿದ್ದಾಳೆ, ದಿನಾ ಅಳುತ್ತಿದ್ದಾಳೆ ಎಂದು ಅಮ್ಮ ಹೇಳಿಕೊಂಡಳು. "ಕಳ್ಸಿ, ನಮ್ಮನೇಲಿ ಬಂದು ಅಳ್ಲಿ" ಎಂದರಂತೆ ಅವರು.

ಮೊದಲ ಸಲ ನಾನು ಹೊತ್ತುಕೊಂಡು ಹೋದ ಲೆಕ್ಕ ಇವತ್ತಿಗೂ ನೆನಪಿದೆ. ಪೆಟ್ಟಿಗೆಯೊಳಗೆ ಒಂದು ಕಣ. ಪೆಟ್ಟಿಗೆಯ ಒಂದು ಗೋಡೆ ತಟಕ್ಕನೆ ದೂರ ಸರಿದು, ಪೆಟ್ಟಿಗೆ ಎರಡರಷ್ಟು ಉದ್ದವಾಗುತ್ತದೆ. ಆ ಕಣ ಹೊಸ ಪೆಟ್ಟಿಗೆಯ ಅತಿ ಕೆಳಗಿನ ಸ್ಥಿತಿಯಲ್ಲಿ ಸಿಗುವ ಸಂಭವ ಎಷ್ಟು? ನಾಲ್ಕು ಸಲ ಮಾಡಿದ್ದೆ. ನಾಲ್ಕು ಸಲವೂ ಬೇರೆ ಬೇರೆ ಉತ್ತರ. ಕನಕಕ್ಕ ನನ್ನ ಪುಟವನ್ನು ದೂರದಿಂದಲೇ ನೋಡಿ ಕೇಳಿದರು:

"ಗೋಡೆ ಹೋಯ್ತು. ಆ ಕ್ಷಣ ಕಣಕ್ಕೆ ಸುದ್ದಿ ಗೊತ್ತಾಯ್ತಾ?"

"ಇಲ್ಲ... ಅಲ್ವಾ?"

"ನನ್ನ ಕೇಳ್ಬೇಡ. ಅದನ್ನ ಕೇಳು."

ನಾನು ಕಣವನ್ನು ಕೇಳಿದೆ. ಅಂದರೆ ಸುಮ್ಮನೆ ಕುಳಿತು ಹತ್ತು ನಿಮಿಷ ಆ ಪೆಟ್ಟಿಗೆಯನ್ನು ನೋಡಿದೆ. ಸುದ್ದಿ ಇನ್ನೂ ತಲುಪಿಲ್ಲವಾದರೆ ಕಣವನ್ನು ವಿವರಿಸುವ ಅಲೆ ಹಳೆಯ ಅರ್ಧದಲ್ಲೇ ಇರಬೇಕು. ಹೊಸ ಅರ್ಧದಲ್ಲಿ ಏನೂ ಇಲ್ಲ. ಇಲ್ಲದ ಜಾಗದಲ್ಲೂ ನಾನು ಅಲೆಯನ್ನು ಎಳೆದುಕೊಂಡು ಹೋಗಿ ಕೂಡಿಸುತ್ತಿದ್ದೆ. ತಪ್ಪು ಗೊತ್ತಾದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಕನಕಕ್ಕ ತೊಡೆಯ ಕೆಳಗಿನಿಂದ ಕೈ ತೆಗೆದು, ಮರಗಟ್ಟಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತ, "ಕುಡಿಯೋಕೆ ಕಾಫೀನಾ, ಮಜ್ಜಿಗೇನಾ?" ಎಂದರು. ಹೊರಡುವಾಗ ಮಾತ್ರ, "ಆದ್ರೂ ನಿನ್ನ ಸೈ ಅಕ್ಷರ ಇದ್ಯಲ್ಲ, ಅದಕ್ಕೊಂದು ಬಾಲ ಬೇರೆ. ನಮ್ಮಪ್ಪ ಅವಸರದಲ್ಲಿ ನಾಮ ಇಟ್ಕೊಂಡ ಹಾಗಿದೆ" ಎಂದು ನಕ್ಕರು. ಅಲೆಯನ್ನು ಸೂಚಿಸುವ ಆ ಗ್ರೀಕ್ ಅಕ್ಷರವನ್ನು ನಾನು ಬರೆದಾಗಲೆಲ್ಲ ಅದರ ಕಾಲು ಎಡಕ್ಕೆ ಡೊಂಕಾಗುತ್ತಿತ್ತು.

ಒಳಕೋಣೆಯಲ್ಲಿ ಅವರ ತಾಯಿ ರಂಗಮ್ಮಜ್ಜಿ ಮಲಗಿರುತ್ತಿದ್ದರು. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಬಾಯಿಂದ ಸ್ಪಷ್ಟವಾಗಿ ಬರುತ್ತಿದ್ದದ್ದು "ಕನಕಾ" ಎಂಬ ಒಂದೇ ಮಾತು. ಹಸಿವಾದರೂ ಕನಕಾ, ಫ್ಯಾನ್ ನಿಂತರೂ ಕನಕಾ. ಆ ಕೂಗಿಗೆ ಕನಕಕ್ಕ ಓಗೊಡದೆ ಇದ್ದದ್ದನ್ನು ನಾನು ಕಂಡಿಲ್ಲ. ಅಡ್ಯಾರಿನ ಕಡೆಯ ಸಂಸ್ಥೆಯೊಂದರಲ್ಲಿ ಅವರು ಸಂಶೋಧನೆಗೆ ಸೇರಿದ್ದರು. ಎರಡನೇ ವರ್ಷ ತಾಯಿಗೆ ಹೀಗಾದಾಗ ಬಿಟ್ಟು ಬಂದರು. "ಎರಡು ಬಸ್ ಹಿಡೀಬೇಕಿತ್ತು ಮಾ, ಹೋಗಿ ಬರೋಷ್ಟ್ರಲ್ಲಿ ಸಾಯಂಕಾಲ" ಎಂದು ಒಮ್ಮೆ ಹೇಳಿದರು. ಬಸ್ಸಿನ ತೊಂದರೆಗಾಗಿ ಬಿಟ್ಟ ಹಾಗೆ.

ಅವರ ಪ್ರಾಮಾಣಿಕತೆ ಕೆಲವೊಮ್ಮೆ ಜನರನ್ನು ಹೆದರಿಸುವಂಥದು. ಒಂದು ಬೆಳಿಗ್ಗೆ ನಾವಿನ್ನೂ ಹಲ್ಲುಜ್ಜುತ್ತಿದ್ದೆವು. ಬಾಗಿಲು ದಬದಬ ಬಡಿದ ಸದ್ದು. ಅಮ್ಮ ತೆರೆದರೆ ಕನಕಕ್ಕ, ಕೆದರಿದ ತಲೆ, ಏದುಸಿರು. ರಂಗಮ್ಮಜ್ಜಿ ಹೋಗಿಬಿಟ್ಟರು ಎಂದೇ ಅಮ್ಮ ಎದೆ ಹಿಡಿದುಕೊಂಡಳು.

"ಸುಮಾ ಎಲ್ಲಿ? ನಿನ್ನೆ ಅವಳಿಗೆ ಹೇಳಿದ್ದು ತಪ್ಪು. ಮೈನಸ್ ಬರಬೇಕು."

"ಇಷ್ಟಕ್ಕೆ ಇಷ್ಟು ದೂರ ಓಡಿ ಬಂದ್ರಾ? ಫೋನ್ ಮಾಡಿದ್ರೆ ಆಗ್ತಿತ್ತಲ್ಲ!" ಎಂದಳು ಅಮ್ಮ.

"ಫೋನಲ್ಲಿ ತಪ್ಪು ಒಪ್ಕೊಳೋದು ತುಂಬ ಸುಲಭ ಕಣ್ರೀ" ಎಂದು ಅವರು ಬಾಗಿಲಿನಿಂದಲೇ ಹಿಂದಿರುಗಿದರು. ಅಜ್ಜಿ ಒಬ್ಬರೇ ಇದ್ದರು.

ಇಂಥ ಕನಕಕ್ಕ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಏನೆಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ವಿದೇಶದ ಕಂಪನಿಯೊಂದರ ಜಾಲತಾಣ. ಎಲ್ಲೆಲ್ಲಿಯೋ ಇರುವ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಗಣಿತ, ಭೌತಶಾಸ್ತ್ರದ ಮನೆಗೆಲಸದ ಲೆಕ್ಕಗಳನ್ನು ಫೋಟೋ ತೆಗೆದು ಅದಕ್ಕೆ ಹಾಕುತ್ತಾರೆ. ಇಲ್ಲಿ ಮನೆಯಲ್ಲಿ ಕುಳಿತ ಕನಕಕ್ಕನಂಥವರು ಬಿಡಿಸಿ, ಮೊದಲಿಂದ ಕೊನೆಯವರೆಗೆ ಟೈಪ್ ಮಾಡಿ ಕಳಿಸಬೇಕು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಉತ್ತರ ಅರ್ಧ ಇರಬಾರದು. ಸುಳಿವು ಕೊಟ್ಟು ಬಿಡುವಂತಿಲ್ಲ. ಮೂರು ದೂರು ಬಂದರೆ ಖಾತೆ ಮುಚ್ಚುತ್ತಾರೆ. ಬೆಳಗಿನ ಜಾವ ಐದಕ್ಕೆ ಕುಳಿತರೆ ಹನ್ನೊಂದರವರೆಗೆ ಅದೇ. ಮನೆ ಬಿಟ್ಟು ಹೋಗಲಾಗದ ಅವರಿಗೆ ಸಿಕ್ಕಿದ್ದು ಆ ಕೆಲಸವೊಂದೇ.

ಒಮ್ಮೆ ನಾನು ಬೇಗ ಹೋದಾಗ ಅವರು ಕೀಲಿಮಣೆಯ ಮೇಲೆ ಕೈ ಆಡಿಸುತ್ತಿದ್ದರು. ನನ್ನ ಮುಂದೆ ಬಂಧಿಯಾಗಿರುತ್ತಿದ್ದ ಆ ಕೈಗಳು ಅಲ್ಲಿ ಓಡುತ್ತಿದ್ದ ವೇಗ ನೋಡಿ ಬೆರಗಾದೆ. ಕಳಿಸಿ ಮುಗಿಸಿ ಅವರು ನನ್ನ ಕಡೆ ತಿರುಗಲಿಲ್ಲ.

"ನೋಡು, ಥ್ಯಾಂಕ್ಸ್ ಕೂಡ ಹೇಳಿಲ್ಲ. ಹೇಳೋದೂ ಬೇಡ ಬಿಡು. ಆ ಮಗುಗೆ ನಾನು ಒಳ್ಳೇದು ಮಾಡ್ದೆ ಅಂತ ನಂಗೇ ಅನ್ಸಲ್ಲ."

"ಮತ್ತೆ ಯಾಕಕ್ಕ ಮಾಡ್ತೀರ?"

ಉತ್ತರ ಬರಬೇಕಾದ ಹೊತ್ತಿಗೆ ಸರಿಯಾಗಿ ಒಳಗಿನಿಂದ "ಕನಕಾ" ಎಂಬ ಕೂಗು ಬಂತು. ಅವರು ಎದ್ದು ಹೋದರು.

ಆಮೇಲೆ ಸೋಂಕಿನ ಕಾಲ ಬಂತು. ಕಾಲೇಜು ಮುಚ್ಚಿತು. ಪಾಠ, ಪರೀಕ್ಷೆ ಎಲ್ಲ ಮನೆಯ ಕಂಪ್ಯೂಟರಿನಲ್ಲಿ. ಮೂರನೇ ಸೆಮಿಸ್ಟರಿನ ಕ್ವಾಂಟಮ್ ಪರೀಕ್ಷೆಗೆ ಮೂರು ವಾರ ಮುಂಚೆ ಅಪ್ಪನಿಗೆ ಜ್ವರ ಹಿಡಿಯಿತು, ಆಮೇಲೆ ಅಮ್ಮನಿಗೆ. ಅಡುಗೆ, ಔಷಧಿ, ಗಂಟೆಗೊಮ್ಮೆ ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡುವುದು ಎಲ್ಲ ನನ್ನದಾಯಿತು. ಪುಸ್ತಕ ತೆರೆಯಲಿಲ್ಲ. ಕನಕಕ್ಕನ ಮನೆಗೂ ಹೋಗುವಂತಿರಲಿಲ್ಲ. ಅಜ್ಜಿಗೆ ಸೋಂಕು ತಗುಲಿದರೆ ಏನು ಗತಿ? ನನ್ನ ಗೆಳತಿ ಶರಣ್ಯಾಳ ಬಳಿ ಅಂಥದೊಂದು ಜಾಲತಾಣದ ಖಾತೆಯಿತ್ತು. ಪರೀಕ್ಷೆಯ ಹಿಂದಿನ ದಿನ ಅವಳೇ ಪಾಸ್‌ವರ್ಡ್ ಕಳಿಸಿದಳು. "ಎಲ್ಲಾರುಂ ಪಣ್ರಾಂಗ ಡೀ" ಎಂದಳು. ಎಲ್ಲರೂ ಮಾಡುತ್ತಿದ್ದಾರೆ ಎಂಬುದು ನಿಜವೇ ಆಗಿತ್ತು. ಅದು ಕನಕಕ್ಕ ಕೆಲಸ ಮಾಡುವ ಜಾಲತಾಣವೇ ಎಂಬುದೂ ನನಗೆ ಗೊತ್ತಿತ್ತು. ಸಾವಿರಾರು ಜನ ಉತ್ತರ ಬರೆಯುವ ಕಡೆ ಅವರ ಕೈಗೇ ಹೋಗುತ್ತದೆಯೇ ಎಂದುಕೊಂಡೆ.

ಒಂದು ತಾಸಿನ ಪರೀಕ್ಷೆ ಹತ್ತು ಗಂಟೆಗೆ ಶುರುವಾಯಿತು. ನಾಲ್ಕನೇ ಪ್ರಶ್ನೆ: ಸ್ಪ್ರಿಂಗಿಗೆ ಕಟ್ಟಿದಂತೆ ಆಡುವ ಕಣ. ಸ್ಪ್ರಿಂಗಿನ ಬಿಗಿ ತಟಕ್ಕನೆ ಬದಲಾಗುತ್ತದೆ. ಕಣ ಕೆಳಗಿನ ಸ್ಥಿತಿಯಲ್ಲೇ ಉಳಿಯುವ ಸಂಭವ ಎಷ್ಟು? ಗೋಡೆ ಸರಿದ ಪೆಟ್ಟಿಗೆಯ ದಾಯಾದಿ ಇದು. ಅರ್ಧ ಪುಟ ಬರೆದೆ. ಮುಂದೆ ಹೋಗಲಿಲ್ಲ, ಸಂಭವ ಒಂದಕ್ಕಿಂತ ಹೆಚ್ಚು ಬರುತ್ತಿತ್ತು, ಅದು ಆಗಲಾರದ ಉತ್ತರ. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮುತ್ತಿದ್ದಳು. ಪ್ರಶ್ನೆಯನ್ನು ಒಂದು ಹಾಳೆಗೆ ಇಳಿಸಿ, ನನ್ನ ಅರ್ಧ ಪುಟವನ್ನೂ ಸೇರಿಸಿ, ಕ್ಯಾಮೆರಾಕ್ಕೆ ಕಾಣದ ಹಾಗೆ ತೊಡೆಯ ಮೇಲಿಟ್ಟು ಫೋಟೋ ತೆಗೆದು ಕಳಿಸಿದೆ.

'ತಜ್ಞರೊಬ್ಬರು ನಿಮ್ಮ ಪ್ರಶ್ನೆಯನ್ನು ಬಿಡಿಸುತ್ತಿದ್ದಾರೆ' ಎಂದು ಇಂಗ್ಲಿಷಿನಲ್ಲಿ ಬಂತು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಇನ್ನೇನು ಬಿಡಬೇಕು ಎನ್ನುವಾಗ ಉತ್ತರ ಬಂತು. ಇಂಗ್ಲಿಷಿನಲ್ಲಿ ಮೂರೇ ಮೂರು ವಾಕ್ಯ. ಎರಡನೇ ಸಾಲಿನಲ್ಲಿ ಹೊಸ ಅಲೆಗೂ ಹಳೆಯ ಸ್ಥಿರಾಂಕವನ್ನೇ ಹಾಕಿದ್ದೀಯ, ಅದನ್ನು ಸರಿಮಾಡು. ಉಳಿದದ್ದೆಲ್ಲ ಸರಿಯಾಗಿದೆ. ಇಂಥದನ್ನು ನೀನು ಮುಂಚೆ ಮಾಡಿದ್ದೀಯ, ಇದನ್ನೂ ನೀನೇ ಮುಗಿಸು.

ನಾನು ಇಂಥದನ್ನು ಮುಂಚೆ ಮಾಡಿದ್ದು ಪರಿಚಯವೇ ಇಲ್ಲದವರಿಗೆ ಹೇಗೆ ಗೊತ್ತು? ಆ ಯೋಚನೆಯನ್ನು ಅಲ್ಲೇ ಅದುಮಿದೆ. ಇನ್ನೂ ಹದಿನೈದು ನಿಮಿಷವಿತ್ತು. ಸ್ಥಿರಾಂಕ ಸರಿಮಾಡಿ ಎರಡು ಸಾಲು ಬರೆದರೆ ಮುಗಿಯುವ ಕೆಲಸ. ಬರೆಯಬಹುದಿತ್ತು. ಅಷ್ಟರಲ್ಲಿ ವಾಟ್ಸ್ಯಾಪ್ ಗುಂಪಿನಲ್ಲಿ ಬೇರೆ ಯಾರೋ ಪೂರ್ತಿ ಉತ್ತರದ ಫೋಟೋ ಹಾಕಿದರು. ನನ್ನ ಅರ್ಧ ಪುಟಕ್ಕೆ ಅಡ್ಡಗೆರೆ ಹೊಡೆದು, ಆ ಫೋಟೋ ನೋಡಿ ಮೊದಲಿನಿಂದ ಬರೆದೆ. ಆ ಪ್ರಶ್ನೆಗೆ ಪೂರ್ತಿ ಅಂಕ ಬಂತು.

ಮಧ್ಯಾಹ್ನ ಶರಣ್ಯಾ ಫೋನ್ ಮಾಡಿ ತನ್ನ ಖಾತೆಗೆ ಬಂದ ಉತ್ತರ ನೋಡಿದೆ ಎಂದಳು. "ಪೂರ್ತಿ ಬರೆಯದೆ ಉಪದೇಶ ಬೇರೆ ಮಾಡ್ತಾರೆ. ರಿಪೋರ್ಟ್ ಪಣ್ಣಿಟ್ಟೇನ್" ಎಂದಳು. ದೂರು ಕೊಟ್ಟಾಗಿತ್ತು. ಯಾಕೆ ಕೊಟ್ಟೆ ಎಂದು ನಾನು ಕೇಳಲಿಲ್ಲ. ವಾಪಸ್ ತೆಗೆದುಕೋ ಎಂದೂ ಹೇಳಲಿಲ್ಲ.

ಅಪ್ಪ ಅಮ್ಮ ಚೇತರಿಸಿಕೊಂಡ ಮೇಲೂ ಒಂದು ತಿಂಗಳು ಕನಕಕ್ಕನ ಮನೆಗೆ ಹೋಗಲಿಲ್ಲ. ಸೋಂಕಿನ ನೆಪವಿತ್ತು. ಒಂದು ದಿನ ಅಮ್ಮ, ಗಾಡಿಯವನ ಹತ್ತಿರ ಸೊಪ್ಪು ತಂದು ಬಿಡಿಸುತ್ತ, "ಪಾಪ, ನಿನ್ನ ಕನಕಕ್ಕನ ಕೆಲಸ ಹೋಯ್ತಂತೆ. ಏನೋ ದೂರಂತೆ. ಈಗ ಅಕ್ಕಪಕ್ಕದವರಿಗೆ ಊಟದ ಡಬ್ಬಿ ಕಟ್ಟಿಕೊಡ್ತಿದಾರೆ" ಎಂದಳು. ಮಾಸ್ಕ್ ಹಾಕಿಕೊಂಡು ಹೊರಟೆ.

ಕಂಪ್ಯೂಟರಿನ ಮೇಲೆ ಹಳೆಯ ದಿಂಬಿನ ಕವರು ಹೊದಿಸಿತ್ತು. ಕನಕಕ್ಕ ಜಗುಲಿಯ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತಿದ್ದರು. ಹೋಟೆಲಿಗಾಗುವಷ್ಟು ಈರುಳ್ಳಿ.

"ಬಾ ಮಾ. ಅಮ್ಮ ಅಪ್ಪ ಎದ್ದು ಓಡಾಡ್ತಿದಾರಾ?"

"ಹೂಂ. ಅಕ್ಕ, ಕೆಲಸ..."

"ಹೋಯ್ತು. ಮುಂಚೇನೇ ಎರಡು ದೂರಿತ್ತು. ಒಂದು ಕರೆಂಟ್ ಹೋಗಿ, ಇನ್ನೊಂದು ಅಮ್ಮನ್ನ ಎತ್ತೋಕೆ ಹೋಗಿ ತಡ ಆಗಿ. ಇದು ಮೂರನೇದು."

ನಾನು ನಿಂತೇ ಇದ್ದೆ. ಅವರು ತಲೆಯೆತ್ತಿ ನೋಡಿದರು.

"ಆ ಡೊಂಕು ಸೈ ಬರೆಯೋರು ಇನ್ನೊಬ್ಬರು ಎಲ್ಲಿದಾರೆ ಸುಮಾ? ಇಲ್ಲಿ ಹತ್ತು ಗಂಟೆ ಅಂದ್ರೆ ಆ ಕಂಪನಿಯೋರ ದೇಶದಲ್ಲಿ ಮಧ್ಯರಾತ್ರಿ, ಎಲ್ರೂ ಮಲ್ಗಿರ್ತಾರೆ. ಬರೋ ಲೆಕ್ಕ ಕಮ್ಮಿ, ಕೂತಿರೋರೂ ಕಮ್ಮಿ. ತೆಗೆದ್ರೆ ನಿನ್ನ ಕೈಬರಹ, ಅದೂ ನಿನ್ನ ಪರೀಕ್ಷೆ ದಿನ."

"ತಪ್ಪಾಯ್ತಕ್ಕ" ಎಂದೆ. ಅಳು ಬಂತು.

"ಅಳ್ಬೇಡ, ಇಲ್ಲಿ ಈರುಳ್ಳೀನೇ ಸಾಕು" ಎಂದರು. ನಗಲಿಲ್ಲ. ಚಾಕು ಕೆಳಗಿಟ್ಟರು. "ಕೇಳು. ನಾನು ಪೂರ್ತಿ ಉತ್ತರ ಟೈಪ್ ಮಾಡಿದ್ದೆ. ಐದು ನಿಮಿಷದಲ್ಲಿ ಮುಗಿದಿತ್ತು. ಉಳಿದ ಹೊತ್ತೆಲ್ಲಾ ಕಳ್ಸೋದಾ ಬೇಡ್ವಾ ಅಂತ ಕೂತಿದ್ದೆ. ದೂರು ಬಂದ್ರೆ ಏನಾಗತ್ತೆ ಅಂತ ಗೊತ್ತಿತ್ತು. ಕೊನೇಗೆ ಎಲ್ಲಾ ಅಳಿಸ್ದೆ."

"ನನ್ನಿಂದ..."

"ಅದಲ್ಲ ನಂಗೆ ಕಷ್ಟ ಆಗ್ತಿರೋದು. ಆರು ವರ್ಷ ಅವರಿವರ ಮಕ್ಕಳಿಗೆಲ್ಲಾ ಬರೆದುಕೊಟ್ಟೆ. ಎಷ್ಟು ಜನ ಪರೀಕ್ಷೇಲಿ ಕೂತ್ಕೊಂಡೇ ಕಳ್ಸಿದ್ರೋ. ಒಂದು ದಿನಾನೂ ಕೈ ತಡೀಲಿಲ್ಲ. ನೀನು ಅಂದಾಗ ತಡೀತು. ಅವರಿಗೂ ಯಾರೋ ಒಬ್ಬರು ಪಾಠ ಹೇಳ್ತಿರ್ಲಿಲ್ವಾ? ಇದರಲ್ಲಿ ನ್ಯಾಯ ಎಲ್ಲಿದೆ, ಹೇಳು?"

ಒಳಗಿನಿಂದ ಅಜ್ಜಿ ಕೂಗಿದರು. ಕನಕಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದರು. ಹೊಸ್ತಿಲಲ್ಲಿ ನಿಂತು, "ಯಾವಾಗ ಬೇಕಾದ್ರೂ ಬಾ ಮಾ. ಕಾಫಿ ಕುಡಿ, ಮಾತಾಡು. ಲೆಕ್ಕ ಮಾತ್ರ ಇನ್ನು ಬೇಡ" ಎಂದರು.

ಆ ಮಾತನ್ನು ಅವರು ನಡೆಸಿದರು. ಕೊನೆಯ ಸೆಮಿಸ್ಟರಿನುದ್ದಕ್ಕೂ ನಾನು ಹೋಗುತ್ತಿದ್ದೆ. ಈರುಳ್ಳಿ ಹೆಚ್ಚಿಕೊಡುತ್ತಿದ್ದೆ, ಅಜ್ಜಿಯನ್ನು ಹೊರಳಿಸಲು ಕೈ ಕೊಡುತ್ತಿದ್ದೆ. ಚೀಲದಲ್ಲಿ ನೋಟ್‌ಬುಕ್ ಇರುತ್ತಿತ್ತು. ಎಷ್ಟೋ ಸಲ ಒಂದೇ ಒಂದು ಹೆಜ್ಜೆಗಾಗಿ ವಾರಗಟ್ಟಲೆ ಒದ್ದಾಡಿದೆ. ಎದುರಿಗೆ ಕುಳಿತ ಅವರಿಗೆ ಅದು ನೋಡಿದ ಕ್ಷಣ ತಿಳಿಯುತ್ತಿತ್ತು. ನಾನು ಕೇಳಲಿಲ್ಲ. ಅವರೂ ಹೇಗೆ ನಡೆದಿದೆ ಓದು ಎಂದು ಕೇಳಲಿಲ್ಲ. ಸಾರಿಗೆ ಎಷ್ಟು ಹುಳಿ, ನೀರಿನ ಲಾರಿ ಯಾವಾಗ ಬರುತ್ತದೆ ಎಂಬುದನ್ನೇ ಮಾತಾಡಿದೆವು. ದೊಡ್ಡ ಜಗಳವಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಮರುವರ್ಷ ರಂಗಮ್ಮಜ್ಜಿ ತೀರಿಕೊಂಡರು. ಹದಿಮೂರು ದಿನ ಮುಗಿದ ಮೇಲೂ ಕನಕಕ್ಕ ಅಡುಗೆಮನೆಯಿಂದ ಆಗಾಗ "ಬಂದೆ" ಎನ್ನುತ್ತಿದ್ದರು. ಹೊಸೂರಿನಲ್ಲಿದ್ದ ತಮ್ಮ ಬಂದು, ಅಲ್ಲಿಯ ಶಾಲೆಯೊಂದರಲ್ಲಿ ಗಣಿತದ ಕೆಲಸವಿದೆ, ಬಂದುಬಿಡು ಎಂದ. ಮನೆ ಖಾಲಿ ಮಾಡಿದರು. ಸಾಮಾನೆಲ್ಲ ವ್ಯಾನಿನಲ್ಲಿ ತಮ್ಮನೊಂದಿಗೆ ಹೋಯಿತು. ಅವರನ್ನು ಬಸ್ಸಿಗೆ ಹತ್ತಿಸಲು ಕೋಯಂಬೇಡಿನ ಬಸ್ ನಿಲ್ದಾಣಕ್ಕೆ ನಾನು ಹೋದೆ.

ಹೊಸೂರಿನ ಬಸ್ಸು ತಡವಾಗಿ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನೀರಿನ ಬಾಟಲಿ ಕೊಟ್ಟೆ, ಎರಡು ಮೋಸಂಬಿ ಹಣ್ಣು ಕೊಟ್ಟೆ. ಮಾರ್ಕೆಟ್ಟಿನ ಕಡೆಯಿಂದ ಕೊಳೆತ ಕೋಸಿನ ವಾಸನೆ ಬರುತ್ತಿತ್ತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಆಗ ಕನಕಕ್ಕ ಕಿಟಕಿಯ ಸರಳಿಗೆ ಮುಖ ತಂದು, ಒಂದೂವರೆ ವರ್ಷದಿಂದ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದರು.

"ಆವತ್ತು... ನಾನು ಕಳ್ಸಿದ ಮೇಲೆ... ನೀನೇ ಮುಗಿಸಿದ್ಯಾ?"

ಅವರ ಮುಖದಲ್ಲಿದ್ದದ್ದು ಅನುಮಾನವಾಗಿದ್ದರೆ ನಿಜ ಹೇಳಿಬಿಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅನುಮಾನವಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು. ಬಸ್ಸು ಕದಲಿತು.

"ಮುಗಿಸ್ದೆ ಅಕ್ಕ. ನೀವು ಹೇಳಿದ ಸ್ಥಿರಾಂಕ ಸರಿ ಮಾಡಿದ್ ತಕ್ಷಣ ಬಂತು" ಎಂದೆ.

ಆ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಕಣ್ಣು ಒದ್ದೆಯಾಯಿತು. "ಬಂತಲ್ಲ! ಬರತ್ತೆ ಅಂತ ನಂಗೆ ಗೊತ್ತಿತ್ತು. ಸಾಕು ಮಾ, ನಂಗೆ ಅಷ್ಟು ಸಾಕು" ಎಂದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಿಂದ ಕೈ ಬೀಸುತ್ತಿದ್ದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಅವರು ಆರೋಗ್ಯವಾಗಿದ್ದಾರೆ. ಯುಗಾದಿಗೆ, ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಾರೆ. ಧ್ವನಿಯಲ್ಲಿ ವಯಸ್ಸೇ ಇಳಿದುಹೋಗಿದೆ. ನಾನೀಗ ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ ಎಂಬುದು ಅವರಿಗೆ ಬಹಳ ಹೆಮ್ಮೆ. ಹಿಂದಿನ ದೀಪಾವಳಿಗೆ ಹೇಳಿದರು: "ಪ್ರತಿ ವರ್ಷ ಶುರೂನಲ್ಲೇ ನಿನ್ನ ಕಥೆ ಹೇಳ್ತೀನಿ ಮಕ್ಳಿಗೆ. ಪರೀಕ್ಷೇಲಿ ಕಾಪಿ ಹೊಡೆಯೋಕೆ ಹೋದೋಳು, ಕೊನೇ ಗಳಿಗೇಲಿ ಮನಸ್ಸು ತಿರುಗಿಸಿ ತಾನೇ ಬರೆದ್ಲು ಅಂತ. ಹೆಸ್ರು ಹೇಳಲ್ಲ, ಹೆದರ್ಬೇಡ. ಅವರಿಗೆ ನಿನ್ನ ನೋಡ್ಬೇಕಂತೆ. ಒಂದ್ಸಲ ಬಂದು ಕ್ಲಾಸಲ್ಲಿ ನಿಂತ್ಕೊಂಡು ನಾಕು ಮಾತಾಡು ಮಾ."

"ಬರ್ತೀನಿ ಅಕ್ಕ" ಎಂದೆ. ಅದರ ಹಿಂದಿನ ವರ್ಷವೂ ಹಾಗೇ ಅಂದಿದ್ದೆ. ಹೊಸೂರಿಗೆ ಇಲ್ಲಿಂದ ಆರೇಳು ಗಂಟೆಯ ದಾರಿ.